ಟರ್ಬೊ ಬದಲಿಸುವ ಮುನ್ನ

ಕೊಯ್ಲಿನ ತಿಂಗಳುಗಳಲ್ಲಿ ಸಂಘದ ಲಾರಿಗೆ ಬಿಡುವೆಂಬುದಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳಲ್ಲಿ ಅದು ಓಡಿದ ಖರ್ಚು ಕೊನೆಗೆ ಬೀಳುವುದು ಸದಸ್ಯರ ಚೀಲದ ಲೆಕ್ಕಕ್ಕೆ. ಆದಕಾರಣ ಲಾರಿಯ ರಿಪೇರಿ ಕೇವಲ ಡ್ರೈವರ್ ಮತ್ತು ಮೆಕ್ಯಾನಿಕ್ಕಿಗೆ ಸೇರಿದ ವಿಷಯವೆಂದು ಸದಸ್ಯ ಬಾಂಧವರು ತಿಳಿಯಬಾರದು.

ಕಳೆದ ಕೊಯ್ಲಿನಲ್ಲಿ ನಮ್ಮ ಲಾರಿಗೆ ಒಂದು ವಿಚಿತ್ರ ಕಾಯಿಲೆ ಹತ್ತಿತು. ಮೈಸೂರು ಹೆದ್ದಾರಿಯ ಸಮತಟ್ಟಿನಲ್ಲಿ ಸರಾಗವಾಗಿ ಓಡುವುದು; ಲೋಡು ತುಂಬಿ ಮಾಗಡಿ ಕಡೆಯ ಏರು ಹತ್ತಿದರೆ ಒಮ್ಮೊಮ್ಮೆ ಎಳೆತವೇ ಇಲ್ಲ. ನಿಲ್ಲಿಸಿ ಕೀಲಿ ತಿರುಗಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಪುನಃ ಮೊದಲಿನಂತೆ. ಗ್ಯಾರೇಜೊಂದರಲ್ಲಿ ಬಾನೆಟ್ ಎತ್ತಿ ನೋಡಿದವರು ಹತ್ತೇ ನಿಮಿಷದಲ್ಲಿ ‘ಟರ್ಬೊ ಹೋಗಿದೆ, ಹೊಸದು ಹಾಕಿ’ ಎಂದರು. ಇನ್ನು ಕೆಲವರು ಡ್ರೈವರನ ಮೇಲೆಯೇ ಗೂಬೆ ಕೂರಿಸಿದರು. ಕಡೆಗೆ ಸಿಕ್ಕಿದ್ದು ಕ್ಲ್ಯಾಂಪಿನ ಕೆಳಗೆ ಮರೆಯಾಗಿ ಸೀಳಿದ್ದ ಒಂದು ರಬ್ಬರ್ ಹೋಸು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಗಾದೆ ಇದಕ್ಕೇ ಹುಟ್ಟಿರಬೇಕು.

ಟರ್ಬೊ ಎಂಬುದು ಮಾಯಾಯಂತ್ರವಲ್ಲ. ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬುಶಿ 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ವ್ಯರ್ಥವಾಗಿ ಹೊರಹೋಗುವ ಹೊಗೆಯ ರಭಸದಿಂದ ಒಂದು ಚಕ್ರ ತಿರುಗುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಎಳೆದು ಒತ್ತಿ, ಇಂಟರ್‌ಕೂಲರಿನ ಮೂಲಕ ಇಂಜಿನ್ನಿಗೆ ತುಂಬುತ್ತದೆ. ಹೆಚ್ಚು ಗಾಳಿಯಿದ್ದರೆ ಹೆಚ್ಚು ಡೀಸೆಲ್ ಉರಿದು ಹೆಚ್ಚು ಶಕ್ತಿ ಬರುತ್ತದೆ. ಟರ್ಬೊ ಒತ್ತಿದ ಗಾಳಿ ದಾರಿಯಲ್ಲೇ ಸೋರಿದರೆ, ಟರ್ಬೊ ಎಷ್ಟು ಗಟ್ಟಿಯಾಗಿದ್ದರೂ ಪ್ರಯೋಜನವಿಲ್ಲ.

ತೋಟಕ್ಕೆ ಬೋರ್ಡೋ ಸಿಂಪಡಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸ್ಪ್ರೇಯರಿನ ಪೈಪಿನ ಸೀಳು ಪಂಪು ನಿಂತಾಗ ಕಾಣುವುದಿಲ್ಲ. ಒತ್ತಡ ಏರಿದಾಗ ಬಾಯಿ ಬಿಡುತ್ತದೆ. ಲಾರಿಯ ಹೋಸೂ ಹಾಗೆಯೇ. ಖಾಲಿ ಗಾಡಿಯನ್ನು ಗ್ಯಾರೇಜಿನಲ್ಲಿ ನಿಲ್ಲಿಸಿ ರೇಸ್ ಕೊಟ್ಟರೆ ರೋಗ ತೋರಿಸಿಕೊಳ್ಳುವುದಿಲ್ಲ.

ಬಂದು ಹೋಗುವ ದೋಷಕ್ಕೂ ಸದಾ ಇರುವ ದೋಷಕ್ಕೂ ವ್ಯತ್ಯಾಸವಿದೆ. ಟರ್ಬೊದ ಬೇರಿಂಗು ಸವೆದಿದ್ದರೆ ದಂಡ ಅಲ್ಲಾಡುತ್ತದೆ, ಆಯಿಲ್ ಉರಿದು ನೀಲಿ ಹೊಗೆ ಬರುತ್ತದೆ, ಕರ್ಕಶ ಶಬ್ದವಿರುತ್ತದೆ. ಅದು ಕೀಲಿ ತಿರುಗಿಸಿದ ಮಾತ್ರಕ್ಕೆ ವಾಸಿಯಾಗುವುದಿಲ್ಲ. ಬಂದು ಹೋಗುವುದಾದರೆ ಮೊದಲು ಅಗ್ಗದ ಭಾಗಗಳನ್ನು ನೋಡಬೇಕು: ಹೋಸು, ಕ್ಲ್ಯಾಂಪು, ಏರ್ ಫಿಲ್ಟರು. ಆಮೇಲೆ ಟರ್ಬೊವನ್ನು ನಿಯಂತ್ರಿಸುವ ಆಕ್ಚುಯೇಟರು, ಅದರ ಸಣ್ಣ ಪೈಪು, ಬಿಸಿಯಾದಾಗ ಕೈಕೊಡುವ ಸೊಲೆನಾಯ್ಡ್ ವಾಲ್ವು. ನಂತರ ಮಸಿ ಹಿಡಿದ ಒತ್ತಡದ ಸೆನ್ಸರು, ಉಜ್ಜಿ ಸವೆದ ವೈರು. ಒತ್ತಡ ಸರಿಯಿದ್ದೂ ಎಳೆತವಿಲ್ಲದಿದ್ದರೆ ಡೀಸೆಲ್ ಫಿಲ್ಟರನ್ನು ನೋಡಬೇಕು. ಕೆಲವು ಟರ್ಬೊಗಳ ಒಳಗಿನ ಚಲಿಸುವ ರೆಕ್ಕೆಗಳು ಮಸಿಯಿಂದ ಅಂಟಿಕೊಂಡು ಇದೇ ಆಟ ಆಡುವುದುಂಟು. ಅದಕ್ಕೂ ಎಷ್ಟೋ ವೇಳೆ ಶುಚಿ ಮಾಡಿದರೆ ಸಾಕು.

1 ಏಪ್ರಿಲ್ 2020ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6ರ ಲಾರಿಗಳಲ್ಲಿ ಕಂಪ್ಯೂಟರಿನದೇ ಯಜಮಾನಿಕೆ. ತಾನು ಬಯಸಿದ ಒತ್ತಡ ಬಾರದಿದ್ದರೆ ಇಂಜಿನ್ನಿನ ಕಾಪಾಡುವಿಕೆಗಾಗಿ ಅದೇ ಶಕ್ತಿಯನ್ನು ತಗ್ಗಿಸುತ್ತದೆ. ಕೀಲಿ ತೆಗೆದು ಹಾಕಿದಾಗ ಕೆಲವೊಮ್ಮೆ ಶಕ್ತಿ ಮರಳುತ್ತದೆ, ದೋಷ ಮಾತ್ರ ಉಳಿದೇ ಇರುತ್ತದೆ. ಸ್ಕ್ಯಾನರು ‘ಒತ್ತಡ ಕಡಿಮೆ’ ಎಂದು ತೋರಿಸಿದರೆ ಅದು ರೋಗದ ಲಕ್ಷಣ ಹೇಳಿತೇ ಹೊರತು ಕೆಟ್ಟ ಭಾಗದ ಹೆಸರನ್ನಲ್ಲ. ಲೋಡು ಹೇರಿ ಏರಿನಲ್ಲಿ ಓಡಿಸುತ್ತಾ, ಕಂಪ್ಯೂಟರು ಕೇಳಿದ ಒತ್ತಡವೆಷ್ಟು, ಬಂದದ್ದೆಷ್ಟು ಎಂದು ಹೋಲಿಸಿ ನೋಡುವುದೇ ಪರೀಕ್ಷೆ.

ನಮ್ಮ ಸೀಮೆಗೆ ಇನ್ನೆರಡು ಶತ್ರುಗಳಿವೆ. ಕಲ್ಲುಕ್ವಾರಿಗಳ ದಾರಿಯ ಧೂಳು ಫಿಲ್ಟರನ್ನು ಬೇಗ ಕಟ್ಟಿಸುತ್ತದೆ. ಗೋದಾಮಿನ ಪಕ್ಕ ರಾತ್ರಿ ನಿಂತ ಗಾಡಿಯ ವೈರು, ಪೈಪುಗಳು ಇಲಿಗಳಿಗೆ ಆಹಾರವಾಗುತ್ತವೆ.

ಎಲ್ಲಕ್ಕಿಂತ ಮಿಗಿಲಾಗಿ ಡ್ರೈವರನ ಮಾತಿಗೆ ಬೆಲೆ ಕೊಡಬೇಕೆಂಬುದು ನಮ್ಮ ಅಭಿಪ್ರಾಯ. ಯಾವ ಏರು, ಯಾವ ಗೇರು, ಎಷ್ಟು ಲೋಡು, ಬುಸ್ಸೆನ್ನುವ ಸದ್ದು ಬಂತೇ, ಹೊಗೆಯ ಬಣ್ಣವೇನು ಎಂಬುದನ್ನು ಅವನಷ್ಟು ಬಲ್ಲವರಿಲ್ಲ. ‘ಗಾಡಿ ಎಳೆಯೋದಿಲ್ಲ ಸಾರ್’ ಎಂದವನನ್ನು ಗದರಿಸಿ ಕಳಿಸಿದರೆ ರೋಗದ ಅರ್ಧ ಸುಳಿವನ್ನೇ ಕಳೆದುಕೊಂಡಂತೆ.

ಕೊಯ್ಲಿನ ಅವಸರದಲ್ಲಿ ಪರೀಕ್ಷೆಗೆ ವೇಳೆಯೆಲ್ಲಿ, ಭಾಗ ಬದಲಿಸಿಬಿಡುವುದೇ ಲೇಸು ಎಂದು ವಾದಿಸುವವರಿದ್ದಾರೆ. ಅವಸರ ನಿಜವೇ. ಆದರೆ ಹೊಸ ಟರ್ಬೊ ಕೂಡಿಸಿ ಹಳೆಯ ಸೀಳು ಹೋಸನ್ನೇ ಉಳಿಸಿದರೆ ಲಾರಿ ಅದೇ ಏರಿನಲ್ಲಿ ಮತ್ತೆ ನಿಲ್ಲುವುದು. ಆಗ ಹಣವೂ ಹೋಯಿತು, ದಿನವೂ ಹೋಯಿತು.

ಆದ್ದರಿಂದ ಮುಂದಿನ ಸಭೆಯಲ್ಲಿ ಮೂರು ನಿಯಮಗಳನ್ನು ಮಂಡಿಸಲಿದ್ದೇವೆ. ಲಾರಿಯಲ್ಲಿ ಒಂದು ದೋಷದ ಪುಸ್ತಕವಿರಬೇಕು. ಡ್ರೈವರು ಅಂದಿನ ತೊಂದರೆಯನ್ನು ಅಂದೇ ಬರೆಯಬೇಕು. ಗಾಳಿಯ ಮಾರ್ಗಕ್ಕೆ ಕಡಿಮೆ ಒತ್ತಡದಲ್ಲಿ ಗಾಳಿ ತುಂಬಿ, ಸೋಪಿನ ನೀರು ಹಚ್ಚಿ ಸೋರಿಕೆ ಪರೀಕ್ಷಿಸದೆ ಟರ್ಬೊ ಬಿಲ್ಲಿಗೆ ಮಂಜೂರಾತಿ ಕೊಡಕೂಡದು. ಬದಲಿಸಿದ ಹಳೆಯ ಭಾಗವನ್ನು ಸಂಘದ ಕಚೇರಿಗೆ ತಂದು ಒಪ್ಪಿಸಬೇಕು. ನೀರೆತ್ತದ ಪಂಪ್‌ಸೆಟ್ಟಿನ ಮೋಟಾರು ಬದಲಿಸುವ ಮುನ್ನ ಫುಟ್‌ವಾಲ್ವ್ ನೋಡುವ ರೈತರು ನಾವು. ಸ್ವಂತ ಬಾವಿಯ ಬಳಿ ತೋರುವ ಆ ವಿವೇಕವನ್ನು ಸಂಘದ ಆಸ್ತಿಯ ವಿಷಯದಲ್ಲೂ ತೋರಬೇಕೆಂದು ಸದಸ್ಯರಲ್ಲಿ ನಮ್ಮ ವಿನಂತಿ.