ವೈ-ಫೈ ಡಬ್ಬಿಯ ಯಜಮಾನಿಕೆ ನಮ್ಮದಾಗಲಿ

ಮಿಕ್ಸಿ ಓಡದಿದ್ದರೆ ಏನು ಮಾಡ್ತೀವಿ? ಅಡಿಭಾಗದ ಕೆಂಪು ಗುಂಡಿ ಒತ್ತಿ ನೋಡ್ತೀವಿ. ಕುಕ್ಕರ್ ಕೂಗದಿದ್ದರೆ ಗ್ಯಾಸ್ಕೆಟ್ ತೆಗೆದು ನೋಡ್ತೀವಿ. ಒಲೆಯ ಉರಿ ಸಣ್ಣಗಾದರೆ ಬರ್ನರ್ ತೆಗೆದು ಪಿನ್ನಿನಿಂದ ತೂತುಗಳನ್ನು ಚುಚ್ಚಿ ಸ್ವಚ್ಛ ಮಾಡ್ತೀವಿ. ಇದಕ್ಕೆಲ್ಲ ಯಾರನ್ನೂ ಕಾಯುವುದಿಲ್ಲ. ಆದರೆ ಕಂಪ್ಯೂಟರಿನಲ್ಲಿ ಇಂಟರ್‌ನೆಟ್ ನಿಧಾನವಾದರೆ ಮಾತ್ರ, 'ಇವರು ಆಫೀಸಿನಿಂದ ಬರ್ಲಿ, ನೋಡ್ತಾರೆ' ಅಂತ ಕೈಕಟ್ಟಿ ಕೂರುತ್ತೇವೆ. ಯಾಕೆ ಹೀಗೆ?

2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ತನ್ನ 'ಡೇಟಾಒನ್' ಬ್ರಾಡ್‌ಬ್ಯಾಂಡ್ ಶುರು ಮಾಡಿದ ಕಾಲದಲ್ಲಿ ಇಂಟರ್‌ನೆಟ್ ಇದ್ದ ಮನೆಗಳೇ ಕಡಿಮೆ. ಇದ್ದರೂ ಒಂದು ಕಂಪ್ಯೂಟರ್, ಒಂದು ಮೋಡೆಮ್, ನಡುವೆ ಒಂದು ವೈರು, ಅಷ್ಟೇ. ಈಗ ಹಾಗಲ್ಲ. ಟಿವಿ, ಮನೆಮಂದಿಯ ಮೊಬೈಲುಗಳು, ಬಾಗಿಲ ಕ್ಯಾಮೆರಾ ಎಲ್ಲವೂ ಒಂದೇ ಡಬ್ಬಿಗೆ ಜೋತುಬಿದ್ದಿವೆ. ಮೂಲೆಯ ಕೋಣೆಯಲ್ಲಿರುವ ಡೆಸ್ಕ್‌ಟಾಪ್‌ಗೆ ಉಳಿಯುವುದು ಚೂರುಪಾರು.

ಆ ಡೆಸ್ಕ್‌ಟಾಪ್ ಯಾರದ್ದು ಹೇಳಿ? ಎಷ್ಟೋ ಮನೆಗಳಲ್ಲಿ ಅದು ಗೃಹಿಣಿಯದ್ದೇ. ಆನ್‌ಲೈನ್ ಟ್ಯೂಷನ್ ಹೇಳುವವರು, ಡಿಟಿಪಿ, ಅನುವಾದ, ಅಕೌಂಟ್ಸ್ ಕೆಲಸ ಹಿಡಿದವರು, ಸೀರೆ ಕುಚ್ಚಿನ ಆರ್ಡರ್ ತೆಗೆದುಕೊಳ್ಳುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಬೆಳಿಗ್ಗೆ ಎಲ್ಲರೂ ಹೊರಟ ಮೇಲೆ ಸಿಗುವ ಮೂರ್ನಾಲ್ಕು ಗಂಟೆಯೇ ಅವರ ದುಡಿಮೆಯ ಹೊತ್ತು. ಆ ಹೊತ್ತಿನಲ್ಲೇ ಪುಟ ತೆರೆಯದೆ ಗರಗರ ತಿರುಗುತ್ತಿದ್ದರೆ ಹೋಗುವುದು ಬರೀ ಸಮಯವಲ್ಲ, ನಮ್ಮದೇ ಆದ ನಾಲ್ಕು ಕಾಸಿನ ಸಂಪಾದನೆ. ಹಾಗಾಗಿ ಈ ಡಬ್ಬಿಯ ಉಸಾಬರಿ ಹಗಲಿಡೀ ಮನೆಯಲ್ಲಿರುವ ನಾವೇ ವಹಿಸಿಕೊಳ್ಳಬೇಕು ಎನ್ನುವುದು ನನ್ನ ವಾದ. ಅದಕ್ಕೆ ಎಂಜಿನಿಯರಿಂಗ್ ಓದಿರಬೇಕಾಗಿಲ್ಲ!

ಡಬ್ಬಿ ಎಲ್ಲಿದೆ ನೋಡಿ

ಸಾಮಾನ್ಯವಾಗಿ ವೈರು ಹಾಲ್‌ನಲ್ಲಿ ಒಳಗೆ ಬರುತ್ತದೆ, ಡಬ್ಬಿ ಟಿವಿ ಹಿಂದೆ ಕೂರುತ್ತದೆ. ನೋಡಲು ಚೆನ್ನಾಗಿಲ್ಲ ಅಂತ ಕೆಲವರು ಶೋಕೇಸಿನ ಒಳಗಿಟ್ಟು ಬಾಗಿಲೂ ಮುಚ್ಚಿಬಿಡುತ್ತಾರೆ. ವೈ-ಫೈ ಎನ್ನುವುದು ರೇಡಿಯೋ ಅಲೆ. ಲೋಹ, ಕಾಂಕ್ರೀಟ್, ನೀರು ಅದಕ್ಕೆ ಅಡ್ಡಿ. ಟಿವಿ, ಫ್ರಿಜ್, ಬೀರು, ಅಕ್ವೇರಿಯಂ, ದೊಡ್ಡ ನಿಲುವುಗನ್ನಡಿ ಇವುಗಳ ಪಕ್ಕದಲ್ಲಿ ಡಬ್ಬಿ ಇರಬಾರದು. ಮನೆಯ ನಡುಭಾಗದಲ್ಲಿ, ಎದೆ ಎತ್ತರಕ್ಕಿಂತ ಮೇಲೆ, ತೆರೆದ ಜಾಗದಲ್ಲಿ ಇದ್ದರೆ ಒಳ್ಳೆಯದು. 'ಟಿವಿಗೆ ಹತ್ತಿರ ಇರ್ಲಿ' ಎಂದು ಮನೆಯವರು ಹೇಳಿದರೆ, 'ನನ್ನ ಕೆಲಸಕ್ಕೂ ಹತ್ತಿರ ಇರ್ಲಿ' ಎಂದು ಹೇಳಲು ಹಿಂಜರಿಯಬೇಡಿ.

ಸ್ಥಳ ಬದಲಿಸುವಾಗ ಒಂದು ಎಚ್ಚರ. ಫೈಬರ್ ವೈರಿನ ಒಳಗಿರುವುದು ಗಾಜಿನ ಎಳೆ. ಅದನ್ನು ಮಡಚಿ ಮೊಳೆಗೆ ಸಿಕ್ಕಿಸಬೇಡಿ. ಉದ್ದ ಸಾಲದಿದ್ದರೆ ಕಂಪನಿಯವರನ್ನೇ ಕರೆಸಿ.

ಮೊದಲು ರೋಗ ಪತ್ತೆ

ಜ್ವರ ನೋಡದೆ ಮಾತ್ರೆ ಕೊಡುತ್ತೇವೆಯೇ? ಇಲ್ಲೂ ಹಾಗೆಯೇ. ಸ್ಪೀಡ್ ಟೆಸ್ಟ್ ಮಾಡುವ ಉಚಿತ ಆ್ಯಪ್‌ಗಳಿವೆ. ಮನೆಯಲ್ಲಿ ಬೇರಾರೂ ನೆಟ್ ಬಳಸದ ಹೊತ್ತಿನಲ್ಲಿ ಮೂರು ಬಾರಿ ಪರೀಕ್ಷಿಸಿ, ಬಂದ ಅಂಕಿಗಳನ್ನು ಕ್ಯಾಲೆಂಡರಿನ ಮೇಲೆ ಹಾಲಿನ ಲೆಕ್ಕ ಬರೆದಂತೆ ಬರೆದಿಡಿ.

* ಮೊದಲನೆಯದು, ಮೊಬೈಲ್ ಹಿಡಿದು ಡಬ್ಬಿಯ ಪಕ್ಕದಲ್ಲೇ ನಿಂತು. ಇಲ್ಲಿ ನೀವು ಹಣ ಕಟ್ಟಿದ ವೇಗಕ್ಕೆ ಹತ್ತಿರದ ಅಂಕಿ ಬಂದರೆ ಕಂಪನಿಯದ್ದು ತಪ್ಪಿಲ್ಲ.

* ಎರಡನೆಯದು, ಅದೇ ಮೊಬೈಲನ್ನು ಡೆಸ್ಕ್‌ಟಾಪ್ ಇರುವ ಕೋಣೆಗೆ ಒಯ್ದು. ಇಲ್ಲಿ ಅಂಕಿ ಕುಸಿದರೆ ಗೋಡೆ ಮತ್ತು ದೂರದ ಸಮಸ್ಯೆ.

* ಮೂರನೆಯದು, ಡೆಸ್ಕ್‌ಟಾಪ್‌ನಲ್ಲೇ. ಅದೇ ಜಾಗದಲ್ಲಿ ಮೊಬೈಲ್‌ಗೆ ಚೆನ್ನಾಗಿ ಬಂದು ಕಂಪ್ಯೂಟರಿಗೆ ಮಾತ್ರ ಬರದಿದ್ದರೆ ರೋಗ ಕಂಪ್ಯೂಟರಿನಲ್ಲಿದೆ.

ಪರೀಕ್ಷೆಗೆ ಮುನ್ನ ವೈ-ಫೈ ಹೆಸರು ಗಮನಿಸಿ. ಬಹಳಷ್ಟು ಡಬ್ಬಿಗಳು ಎರಡು ಹೆಸರು ತೋರಿಸುತ್ತವೆ, ಒಂದರ ಕೊನೆಯಲ್ಲಿ '5ಜಿ' ಎಂದಿರುತ್ತದೆ. ಇದು ಮೊಬೈಲ್‌ನ 5ಜಿ ಅಲ್ಲ, 5 ಗಿಗಾಹರ್ಟ್ಸ್ ಅಲೆ. ಇದರ ವೇಗ ಹೆಚ್ಚು, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. ಇನ್ನೊಂದು 2.4 ಗಿಗಾಹರ್ಟ್ಸ್. ದೂರ ಹೋಗುತ್ತದೆ, ವೇಗ ಕಡಿಮೆ. ಸಾಲದ್ದಕ್ಕೆ ಬ್ಲೂಟೂತ್ ಮತ್ತು ಮೈಕ್ರೋವೇವ್ ಓವನ್ ಕೂಡ ಈ 2.4ರ ಆಸುಪಾಸಿನಲ್ಲೇ ಕೆಲಸ ಮಾಡುತ್ತವೆ. ಓವನ್‌ನಲ್ಲಿ ಸಾರು ಬಿಸಿಗಿಟ್ಟಾಗಲೆಲ್ಲ ನೆಟ್ ಕೈಕೊಟ್ಟರೆ ಕಾರಣ ಇದೇ! ಅಪಾರ್ಟ್‌ಮೆಂಟಿನಲ್ಲಂತೂ ಅಕ್ಕಪಕ್ಕದ ಹತ್ತಾರು ಮನೆಗಳ ವೈ-ಫೈ ಇದೇ 2.4ರಲ್ಲಿ ನೂಕುನುಗ್ಗಲು ಮಾಡುತ್ತಿರುತ್ತವೆ. ಹಾಗಾಗಿ ಒಂದು ಗೋಡೆಯ ಆಚೆಗಿದ್ದರೆ 5 ಗಿಗಾಹರ್ಟ್ಸ್ ಹಿಡಿಯಿರಿ. ಎರಡು-ಮೂರು ಗೋಡೆಯಾಚೆಗಿದ್ದರೆ 2.4ನ್ನೂ ಪರೀಕ್ಷಿಸಿ, ಯಾವುದು ಸ್ಥಿರವಾಗಿರುತ್ತದೋ ಅದನ್ನೇ ಇಟ್ಟುಕೊಳ್ಳಿ.

ಡೆಸ್ಕ್‌ಟಾಪ್‌ನ ಕಾಟವೇ ಬೇರೆ

ಮೊಬೈಲನ್ನಾದರೆ ಸಿಗ್ನಲ್ ಇರುವ ಕಡೆ ಒಯ್ಯಬಹುದು. ಡೆಸ್ಕ್‌ಟಾಪ್ ಕೂತಲ್ಲೇ ಕೂತಿರುತ್ತದೆ. ಅದೂ ಎಲ್ಲಿ? ಮೇಜಿನ ಕೆಳಗೆ, ಬೆನ್ನನ್ನು ಗೋಡೆಗೆ ಆನಿಸಿಕೊಂಡು. ವೈ-ಫೈ ಹಿಡಿಯುವ ಪುಟ್ಟ ಡಾಂಗಲ್ ಆ ಬೆನ್ನಿನಲ್ಲೇ ಸಿಕ್ಕಿಸಿರುತ್ತದೆ. ಒಂದು ಕಡೆ ತಗಡಿನ ಪೆಟ್ಟಿಗೆ, ಇನ್ನೊಂದು ಕಡೆ ಗೋಡೆ. ಪಾಪ, ಅದಕ್ಕೆ ಸಿಗ್ನಲ್ ಸಿಗುವುದಾದರೂ ಹೇಗೆ?

* ಒಂದು ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರು ತಂದು ಡಾಂಗಲನ್ನು ಮೇಜಿನ ಮೇಲಕ್ಕೆ ತನ್ನಿ. ಇದಕ್ಕಿಂತ ಅಗ್ಗದ ಔಷಧಿ ಇನ್ನೊಂದಿಲ್ಲ.

* ನೀಲಿ ಬಣ್ಣದ ಯುಎಸ್‌ಬಿ 3.0 ಕಿಂಡಿಗೆ ಹಾರ್ಡ್‌ಡಿಸ್ಕ್ ಅಥವಾ ಪೆನ್‌ಡ್ರೈವ್ ಹಾಕಿದ್ದರೆ ಡಾಂಗಲನ್ನು ಅದರ ಪಕ್ಕದಲ್ಲಿಡಬೇಡಿ. ಅವು ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್‌ನಲ್ಲಿ ಗದ್ದಲ ಎಬ್ಬಿಸುತ್ತವೆ.

* ಕಂಪ್ಯೂಟರಿನೊಳಗೇ ವೈ-ಫೈ ಇದ್ದರೆ ಹಿಂಭಾಗದಲ್ಲಿ ಎರಡು ಪುಟ್ಟ ಆಂಟೆನಾ ಇರಬೇಕು. ಎಷ್ಟೋ ಕಡೆ ಅವು ಖಾಲಿ ಡಬ್ಬದೊಳಗೇ ಉಳಿದು ಅಟ್ಟ ಸೇರಿರುತ್ತವೆ. ಹುಡುಕಿ ತಿರುಗಿಸಿ ಕೂಡಿಸಿ.

* ಡಾಂಗಲ್ ಮೇಲೆ '150' ಅಂತಿದ್ದರೆ ಅದು ಹಳೆಯ ಕಾಲದ್ದು, 2.4 ಮಾತ್ರ ಹಿಡಿಯುತ್ತದೆ. ಮುದ್ರಿತ ಅಂಕಿಗಿಂತ ಬಹಳ ಕಡಿಮೆ ವೇಗವೇ ಕೈಗೆ ಸಿಗುವುದು. ಎಷ್ಟು ದೊಡ್ಡ ಪ್ಲಾನ್ ಹಾಕಿಸಿದರೂ ಹಿಡಿಯುವ ಪಾತ್ರೆ ಚಿಕ್ಕದಾದರೆ ಏನು ಪ್ರಯೋಜನ? 'ಡ್ಯುಯಲ್ ಬ್ಯಾಂಡ್' ಎಂದು ಬರೆದಿರುವುದನ್ನು ಕೇಳಿ ಕೊಳ್ಳಿ.

* ಸ್ವಲ್ಪ ಹೊತ್ತು ಬಿಟ್ಟು ಬಂದರೆ ನೆಟ್ ಕಡಿದುಹೋಗಿರುತ್ತದೆಯೇ? ವಿಂಡೋಸ್ ಕರೆಂಟ್ ಉಳಿಸಲು ಅಡಾಪ್ಟರನ್ನು ಮಲಗಿಸಿರಬಹುದು. ಸ್ಟಾರ್ಟ್ ಗುಂಡಿಯ ಮೇಲೆ ಮೌಸ್‌ನ ಬಲಗಡೆ ಒತ್ತಿ 'ಡಿವೈಸ್ ಮ್ಯಾನೇಜರ್' ತೆರೆಯಿರಿ. 'ನೆಟ್‌ವರ್ಕ್ ಅಡಾಪ್ಟರ್ಸ್' ಅಡಿಯಲ್ಲಿ 'ವೈರ್‌ಲೆಸ್' ಅಥವಾ 'ವೈ-ಫೈ' ಎಂದಿರುವುದನ್ನು ಎರಡು ಸಲ ಒತ್ತಿ. 'ಪವರ್ ಮ್ಯಾನೇಜ್‌ಮೆಂಟ್' ಪುಟದಲ್ಲಿ ಕರೆಂಟ್ ಉಳಿಸಲು ಸಾಧನ ಆಫ್ ಮಾಡಬಹುದು ಎಂಬರ್ಥದ ಸಾಲಿನ ಟಿಕ್ ತೆಗೆಯಿರಿ. ಆ ಪುಟವೇ ಕಾಣದಿದ್ದರೆ ಗಾಬರಿ ಬೇಡ, ನಿಮ್ಮ ಅಡಾಪ್ಟರಿಗೆ ಆ ಸೌಲಭ್ಯ ಕೊಟ್ಟಿಲ್ಲ ಅಷ್ಟೇ.

* ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ 'ಟಾಸ್ಕ್ ಮ್ಯಾನೇಜರ್' ಬರುತ್ತದೆ. 'ನೆಟ್‌ವರ್ಕ್' ಎಂಬ ಸಾಲಿನ ತಲೆಯನ್ನು ಒತ್ತಿದರೆ ಯಾರು ಹೆಚ್ಚು ನುಂಗುತ್ತಿದ್ದಾರೆಂದು ಕಾಣುತ್ತದೆ. ಎಷ್ಟೋ ಸಲ ವಿಂಡೋಸ್ ಅಪ್‌ಡೇಟೋ, ಹಿನ್ನೆಲೆಯಲ್ಲಿ ಸದ್ದಿಲ್ಲದೆ ಮೇಲೇರುತ್ತಿರುವ ಮದುವೆ ಫೋಟೋಗಳೋ ಕಳ್ಳರಾಗಿರುತ್ತವೆ.

ಎಲ್ಲಕ್ಕಿಂತ ವೈರೇ ವಾಸಿ

ನನ್ನನ್ನು ಕೇಳಿದರೆ, ಅಲುಗಾಡದ ಡೆಸ್ಕ್‌ಟಾಪ್‌ಗೆ ವೈ-ಫೈಯೇ ಬೇಡ. ಡಬ್ಬಿಯಿಂದ ಕಂಪ್ಯೂಟರಿಗೆ ನೇರ ಲ್ಯಾನ್ ಕೇಬಲ್ ಎಳೆಸಿಬಿಡಿ. 'ಕ್ಯಾಟ್ 6' ಕೇಬಲ್ ಕೇಳಿ. 100 ಮೀಟರ್‌ವರೆಗೂ ಇದು ವೇಗ ಕಳೆದುಕೊಳ್ಳುವುದಿಲ್ಲ, ನಮ್ಮ ಮನೆಗಳಿಗೆ ಹದಿನೈದಿಪ್ಪತ್ತು ಮೀಟರ್ ಧಾರಾಳವಾಯಿತು. ಗೋಡೆ, ಓವನ್, ಪಕ್ಕದ ಮನೆ, ಯಾವುದರ ಗೊಡವೆಯೂ ಇಲ್ಲ. ಗೋಡೆಯಂಚಿನಲ್ಲಿ ಪ್ಲಾಸ್ಟಿಕ್ ಪಟ್ಟಿಯೊಳಗೆ ಎಳೆಸಿದರೆ ಕಾಣುವುದೂ ಇಲ್ಲ. ಕರೆಂಟ್ ವೈರಿನ ಪೈಪಿನೊಳಗೆ ಮಾತ್ರ ತೂರಿಸಬೇಡಿ.

'ವೈರು ಅಂದ ಕೆಡಿಸುತ್ತೆ' ಎನ್ನುವವರಿದ್ದಾರೆ. ಟಿವಿಯ ಕೇಬಲ್ ವೈರು ಇಷ್ಟು ವರ್ಷ ಯಾರ ಅಂದ ಕೆಡಿಸಿತ್ತು? ಇನ್ನು ಕೆಲವರು ಸಿಗ್ನಲ್ ಹಿಗ್ಗಿಸುವ ರಿಪೀಟರ್ ತರುತ್ತಾರೆ. ಮೊಬೈಲ್‌ಗೆ ಅದು ಸಾಕು. ಆದರೆ ಅಗ್ಗದ ರಿಪೀಟರ್‌ಗಳು ಒಂದೇ ಅಲೆಯಲ್ಲಿ ಕೇಳಿಸಿಕೊಂಡು ಅದೇ ಅಲೆಯಲ್ಲಿ ಹೇಳಬೇಕಾದ್ದರಿಂದ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ.

ಪ್ಲಾನ್ ಬದಲಿಸುವ ಮುನ್ನ

ನೆಟ್ ನಿಧಾನ ಅಂದ ಕೂಡಲೇ 'ದೊಡ್ಡ ಪ್ಲಾನ್ ಹಾಕ್ಸೋಣ ಬಿಡು' ಎನ್ನುವುದು ಮನೆಯವರ ಸುಲಭದ ಉತ್ತರ. ತಿಂಗಳಿಗೆ ಇನ್ನಷ್ಟು ದುಡ್ಡು! ತೊಂದರೆ ಗೋಡೆಯಲ್ಲೋ ಡಾಂಗಲ್‌ನಲ್ಲೋ ಇರುವಾಗ ಪ್ಲಾನ್ ಏರಿಸಿದರೆ ಏನೂ ಆಗದು. ಟಿವಿಯಲ್ಲಿ ಸ್ಪಷ್ಟವಾದ ಎಚ್‌ಡಿ ಚಿತ್ರಕ್ಕೆ ಬೇಕಿರುವುದು ಸುಮಾರು 5 ಎಂಬಿಪಿಎಸ್. ಇಬ್ಬರು ವಿಡಿಯೋ ನೋಡಿ, ಒಬ್ಬರು ಪಾಠ ಕೇಳಿ, ನೀವು ಕೆಲಸ ಮಾಡಿದರೂ 50 ಎಂಬಿಪಿಎಸ್ ಸಾಕು.

ಇನ್ನೊಂದು ಗೊಂದಲವಿದೆ. ಪ್ಲಾನಿನ 'ಎಂಬಿಪಿಎಸ್' ಮೆಗಾಬಿಟ್ ಲೆಕ್ಕ, ಫೈಲಿನ ಗಾತ್ರ ಮೆಗಾಬೈಟ್ ಲೆಕ್ಕ. 8 ಬಿಟ್‌ಗೆ 1 ಬೈಟ್. ಅಂದರೆ 100ರ ಪ್ಲಾನಿನಲ್ಲಿ ಸೆಕೆಂಡಿಗೆ 12.5 ಮೆಗಾಬೈಟ್ ಇಳಿದರೆ ಅದೇ ಪೂರ್ತಿ ವೇಗ, ಯಾರೂ ಮೋಸ ಮಾಡಿಲ್ಲ. ಹಾಗೆಯೇ ತಿಂಗಳ ಕೊನೆಯಲ್ಲಿ ಮಾತ್ರ ನಿಧಾನವಾದರೆ ಪ್ಲಾನಿನ ಡೇಟಾ ಮಿತಿ ಮುಗಿದಿದೆಯೇ ನೋಡಿ.

ದೂರು ಕೊಡುವುದೂ ನಮ್ಮ ಕೆಲಸ

ಡಬ್ಬಿಯಲ್ಲಿ 'ಎಲ್‌ಒಎಸ್' ಎಂಬ ದೀಪ ಕೆಂಪಗೆ ಉರಿಯುತ್ತಿದ್ದರೆ ಫೈಬರ್ ಸಿಗ್ನಲ್ಲೇ ಮನೆಗೆ ಬರುತ್ತಿಲ್ಲ ಎಂದರ್ಥ. ಆಫ್ ಮಾಡಿ ಅರ್ಧ ನಿಮಿಷ ಬಿಟ್ಟು ಆನ್ ಮಾಡಿ. ಮತ್ತೆ ಕೆಂಪೇ ಆದರೆ ನೇರ ದೂರು ಕೊಡಿ. ಡಬ್ಬಿಯ ಪಕ್ಕದಲ್ಲೇ ನಿಂತರೂ ಸಂಜೆಯಾದ ಮೇಲೆ ವೇಗ ಇಳಿಯುತ್ತಿದ್ದರೆ ಅದೂ ಕಂಪನಿಯ ಕಡೆಯ ದಟ್ಟಣೆಯೇ. ಆಗ ನೀವು ಬರೆದಿಟ್ಟ ಅಂಕಿಗಳೇ ನಿಮ್ಮ ಸಾಕ್ಷಿ.

ಆದರೆ ಇಲ್ಲೊಂದು ತೊಡಕು. ಕನೆಕ್ಷನ್ ಇರುವುದು ಯಜಮಾನರ ಹೆಸರಲ್ಲಿ, ಒಟಿಪಿ ಹೋಗುವುದು ಅವರ ಮೊಬೈಲ್‌ಗೆ, ರಿಪೇರಿಯವನು ಬರುವುದು ನಾವೊಬ್ಬರೇ ಇರುವಾಗ! ಬಂದವನು 'ಸಾರ್ ಇಲ್ವಾ ಮೇಡಂ?' ಎಂದು ಕೇಳಿ, ಡಬ್ಬಿ ಆಫ್-ಆನ್ ಮಾಡಿ ಹೊರಟುಬಿಡುತ್ತಾನೆ. ಮೊದಲು ನಿಮ್ಮ ನಂಬರನ್ನೂ ಖಾತೆಗೆ ಸೇರಿಸಿಕೊಳ್ಳಿ. ದೂರು ಕೊಟ್ಟಾಗ ಡಾಕೆಟ್ ನಂಬರ್ ಕೇಳಿ ಬರೆದಿಡಿ, ಅದನ್ನು ಕೊಡುವುದು ಕಂಪನಿಯ ಕರ್ತವ್ಯ. ಟ್ರಾಯ್‌ನ 2012ರ ನಿಯಮದ ಪ್ರಕಾರ ದೂರು ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು, ಅದಕ್ಕೆ ಶುಲ್ಕವಿಲ್ಲ. ರಿಪೇರಿಯವನ ಮುಂದೆ 'ಡಬ್ಬಿ ಪಕ್ಕದಲ್ಲಿ 90 ಬರ್ತಿದೆ, ಕೋಣೆಯಲ್ಲಿ 12' ಎಂದು ಹೇಳಿ ನೋಡಿ, ಅವನ ವರಸೆಯೇ ಬದಲಾಗುತ್ತದೆ.

ಇದೆಲ್ಲ ಗಂಡಸರ ಕೆಲಸ, ನಮಗೇಕೆ ಎಂದು ಯಾರಾದರೂ ಕೇಳಬಹುದು. ಹಗಲಿಡೀ ಮನೆಯಲ್ಲಿದ್ದು ಈ ಕಷ್ಟ ಪಡುವವರು ನಾವು. ಹಾಗಿರುವಾಗ ಸರಿಪಡಿಸಲು ಸಂಜೆ ಆರರವರೆಗೆ ಯಾಕೆ ಕಾಯಬೇಕು? ನಾಳೆ ಮಧ್ಯಾಹ್ನ ಊಟ ಮುಗಿಸಿ ಒಂದರ್ಧ ಗಂಟೆ ಬಿಡುವು ಮಾಡಿಕೊಂಡು ಆ ಮೂರು ಪರೀಕ್ಷೆ ಮಾಡಿಬಿಡಿ. ಉಳಿದದ್ದು ತಾನಾಗೇ ತಿಳಿಯುತ್ತೆ. ಏನಂತೀರಿ?