ಆಳ ಅಳೆಯದ ಕೊಳಕ್ಕೆ ಪರವಾನಗಿ ಏಕೆ?

2024ರ ನವೆಂಬರ್ 17ರಂದು ಉಳ್ಳಾಲ ಸಮೀಪದ ಸೋಮೇಶ್ವರ ಉಚ್ಚಿಲದ ರೆಸಾರ್ಟ್ ಒಂದರ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ಮೃತಪಟ್ಟರು. ಕೊಳದ ಒಂದು ಬದಿ ಸುಮಾರು ಆರು ಅಡಿ ಆಳವಿತ್ತು. ಆಳ ತಿಳಿಸುವ ಫಲಕವಾಗಲಿ, ಜೀವರಕ್ಷಕರಾಗಲಿ ಅಲ್ಲಿರಲಿಲ್ಲ ಎಂದು ಪೊಲೀಸರು ಹೇಳಿದರು.

ತ್ರಾಸಿ, ಮರವಂತೆ, ಬೈಂದೂರು, ಶಿರೂರು ಸಾಲಿನ ರೆಸಾರ್ಟ್‌ಗಳು ಈ ಸಾವುಗಳನ್ನು ದೂರದೂರಿನ ಸುದ್ದಿ ಎಂದು ಬದಿಗಿಡುವಂತಿಲ್ಲ. ಕೊಲ್ಲೂರು ಯಾತ್ರೆ ಮುಗಿಸಿ ಕಡಲು ನೋಡಲು ಬರುವ ಘಟ್ಟದ ಮೇಲಿನ ಅನೇಕರಿಗೆ ಈಜು ಬಾರದು. ಮಳೆಗಾಲದಲ್ಲಿ ಕಡಲಿಗೆ ಇಳಿಯುವಂತಿಲ್ಲ. ಅವರಿಗೆ ಉಳಿಯುವುದು ಕೊಳವೇ. ಅದರ ಆಳ ಎಲ್ಲಿ ಎಷ್ಟು, ನೀರು ಎಷ್ಟು ಲೀಟರ್ ಎಂದು ಕೇಳಿದರೆ ನಿರ್ವಾಹಕರ ಬಳಿ ಉತ್ತರವಿರಬೇಕು.

ಲೆಕ್ಕ ಕಷ್ಟದ್ದಲ್ಲ. 15 ಮೀಟರ್ ಉದ್ದ, 8 ಮೀಟರ್ ಅಗಲದ ಕೊಳದ ವಿಸ್ತೀರ್ಣ 120 ಚದರ ಮೀಟರ್. ಆಳ ಒಂದು ತುದಿಯಲ್ಲಿ 1 ಮೀಟರ್, ಇನ್ನೊಂದು ತುದಿಯಲ್ಲಿ 1.8 ಮೀಟರ್ ಇದ್ದರೆ ಸರಾಸರಿ 1.4 ಮೀಟರ್ ಎಂದು ಹಿಡಿದು 168 ಘನ ಮೀಟರ್, ಅಂದರೆ 1,68,000 ಲೀಟರ್ ಎಂದು ಬರೆದುಕೊಳ್ಳುವುದು ರೂಢಿ. ತಳ ಒಂದೇ ಸಮನೆ ಇಳಿಜಾರಾಗಿದ್ದರೆ ಮಾತ್ರ ಇದು ಸರಿ.

ಎಷ್ಟೋ ಕೊಳಗಳ ತಳ ಹಾಗಿರುವುದಿಲ್ಲ. ಮೊದಲ 9 ಮೀಟರ್ ಉದ್ದಕ್ಕೂ 1 ಮೀಟರ್ ಆಳದಲ್ಲೇ ಸಮತಟ್ಟಾಗಿ ಸಾಗಿ, ಉಳಿದ 6 ಮೀಟರಿನಲ್ಲಿ ತಳ 1.8 ಮೀಟರಿಗೆ ಇಳಿಯುತ್ತದೆ ಎಂದುಕೊಳ್ಳಿ. ಆಗ ಎರಡು ಭಾಗಗಳನ್ನೂ ಬೇರೆ ಬೇರೆಯಾಗಿ ಅಳೆಯಬೇಕು: ಮೊದಲನೆಯದು 72 ಘನ ಮೀಟರ್, ಎರಡನೆಯದು 67.2, ಒಟ್ಟು 1,39,200 ಲೀಟರ್. ರೂಢಿಯ ಲೆಕ್ಕಕ್ಕಿಂತ 28,800 ಲೀಟರ್ ಕಡಿಮೆ! ಪ್ರತಿ ಸಾವಿರ ಲೀಟರಿಗೆ 1 ಗ್ರಾಂ ಕ್ಲೋರಿನ್ ಬೇಕೆಂದರೆ, ಶೇ 65ರ ಸಾಮರ್ಥ್ಯದ ಪುಡಿ ಸುಮಾರು 214 ಗ್ರಾಂ ಸಾಕು. ತಪ್ಪು ಲೆಕ್ಕದವರು 258 ಗ್ರಾಂ ಸುರಿಯುತ್ತಾರೆ. ಆಳವನ್ನು ನೀರಿನ ಮಟ್ಟದಿಂದ ಅಳೆಯದೆ ಗೋಡೆಯ ಅಂಚಿನಿಂದ ಅಳೆದರೆ ತಪ್ಪು ಇನ್ನೂ ಬೆಳೆಯುತ್ತದೆ. 15 ಸೆಂಟಿಮೀಟರ್ ವ್ಯತ್ಯಾಸವೇ ಇಲ್ಲಿ 18,000 ಲೀಟರ್.

ಈ ಅಳತೆ ಔಷಧಕ್ಕಷ್ಟೇ ಅಲ್ಲ. ಸೊಂಟಮಟ್ಟದ ನೀರಿನಲ್ಲಿ ಧೈರ್ಯವಾಗಿ ನಡೆಯುತ್ತಿದ್ದವರ ಕಾಲಡಿಯ ತಳ 9ನೇ ಮೀಟರಿನಾಚೆ ಜಾರತೊಡಗುತ್ತದೆ. ಸರಾಸರಿ ಆಳ 1.4 ಮೀಟರ್ ಎಂಬ ಅಂಕಿ ಅವರನ್ನು ಕಾಪಾಡದು. ಇಳಿಜಾರು ಶುರುವಾಗುವ ಗೆರೆಯ ಮೇಲೆ ಬಣ್ಣದ ಪಟ್ಟಿ, ತೇಲುಹಗ್ಗ ಎರಡೂ ಬೇಕು. ಫಲಕದಲ್ಲಿ ಮೀಟರಿನ ಜೊತೆಗೆ ಅಡಿಯೂ ಇರಲಿ. ನಮ್ಮ ಜನ ಆಳವನ್ನು ಅಂದಾಜಿಸುವುದು ಅಡಿಯಲ್ಲೇ.

ಕರಾವಳಿಯ ಮಳೆಯನ್ನೂ ಈ ಲೆಕ್ಕದಿಂದ ಹೊರಗಿಡಲಾಗದು. 100 ಮಿಲಿಮೀಟರ್ ಸುರಿದ ದಿನ ಇದೇ ಕೊಳಕ್ಕೆ 12,000 ಲೀಟರ್ ಮಳೆನೀರು ಬೀಳುತ್ತದೆ. ತುಂಬಿದ ಕೊಳ ಉಕ್ಕಿ ಹರಿದರೆ ಕ್ಲೋರಿನ್ನೂ ಅದರೊಂದಿಗೆ ಹೊರಹೋಗುತ್ತದೆ. ಆಷಾಢದಲ್ಲಿ ಬೇಸಿಗೆಯ ಪ್ರಮಾಣವನ್ನೇ ಕಣ್ಣುಮುಚ್ಚಿ ಹಾಕುವಂತಿಲ್ಲ, ನೀರನ್ನು ದಿನವೂ ಪರೀಕ್ಷಿಸಬೇಕು.

ಪರವಾನಗಿ ನೀಡುವ ಸ್ಥಳೀಯ ಸಂಸ್ಥೆಗಳು ನವೀಕರಣದ ಅರ್ಜಿಯೊಂದಿಗೆ ಒಂದು ಹಾಳೆ ಕೇಳಲಿ: ಮೀಟರಿಗೊಂದರಂತೆ ಅಳೆದ ಆಳ, ವಿಸ್ತೀರ್ಣ, ಒಟ್ಟು ಲೀಟರ್, ಅಳೆದವರ ಸಹಿ. ಗುತ್ತಿಗೆದಾರರ ಹಳೆಯ ನಕ್ಷೆ ಇದಕ್ಕೆ ಸಾಲದು. ಗುರುತು ಹಾಕಿದ ಕೋಲು, ಅಳತೆಯ ಟೇಪು, ಇಬ್ಬರು ಕೆಲಸಗಾರರು ಇದ್ದರೆ ಒಂದು ಬೆಳಗಿನಲ್ಲಿ ಮುಗಿಯುವ ಕೆಲಸವಿದು.