ಕನ್ನಡವನ್ನು ಸುಮ್ಮನೆ ವಾಲಿಸಬೇಡಿ

ಕನ್ನಡ ಸಂಘಗಳ ಪೋಸ್ಟರ್‌ಗಳನ್ನು ಒಮ್ಮೆ ಗಮನಿಸಿ. ಯುಗಾದಿ ಇರಲಿ, ರಾಜ್ಯೋತ್ಸವ ಇರಲಿ, ಮೇಲ್ಗಡೆ ಇಂಗ್ಲಿಷ್ ಹೆಸರು ದಪ್ಪಗೆ, ಓರೆಯಾಗಿ, ಠೀವಿಯಿಂದ ನಿಂತಿರುತ್ತೆ. ಕೆಳಗೆ ಕನ್ನಡದ ಸಾಲು. ಜೋಡಿ ಚೆನ್ನಾಗಿ ಕಾಣಲಿ ಅಂತ ಅದನ್ನೂ ಇಟಾಲಿಕ್ ಬಟನ್ ಒತ್ತಿ ವಾಲಿಸಿರ್ತಾರೆ. ನನ್ನ ತಕರಾರು ಇರೋದು ಆ ಬಟನ್ ಬಗ್ಗೆ.

ಇಂಗ್ಲಿಷ್ ಅಕ್ಷರದ ಮೇಲೆ ನನಗೇನೂ ಸಿಟ್ಟಿಲ್ಲ. ಪ್ಲೇಫೇರ್ ಡಿಸ್‌ಪ್ಲೇ ಫಾಂಟಿನ ಬ್ಲ್ಯಾಕ್ ಇಟಾಲಿಕ್ ನೋಡಿ, ಎಷ್ಟು ಚೆಂದ! ಕ್ಲಾಸ್ ಎಗರ್ಸ್ ಸೊರೆನ್ಸೆನ್ ರೂಪಿಸಿದ ಈ ಫಾಂಟಿಗೆ 18ನೇ ಶತಮಾನದ ಜಾನ್ ಬಾಸ್ಕರ್‌ವಿಲ್‌ನ ಅಚ್ಚಕ್ಷರಗಳು ಪ್ರೇರಣೆ. ದಪ್ಪ ಗೆರೆ ಬಲು ದಪ್ಪ, ತೆಳು ಗೆರೆ ಕೂದಲೆಳೆ. ಹೆಸರಲ್ಲೇ 'ಡಿಸ್‌ಪ್ಲೇ' ಇದೆ, ಅಂದರೆ ಇದು ಶೀರ್ಷಿಕೆಗೆ ಮಾಡಿದ್ದು. ಸಮಯ, ಸ್ಥಳ, ಟಿಕೆಟ್ ದರವನ್ನೂ ಇದರಲ್ಲೇ ಹಾಕಿ ವಾಟ್ಸಾಪ್‌ನಲ್ಲಿ ಕಳಿಸಿದರೆ ಆ ಕೂದಲೆಳೆಗಳೇ ಮಾಯ.

ಇನ್ನೊಂದು ಮಾತು. ಇಟಾಲಿಕ್ ಅಂದರೆ ಬರೀ ವಾಲಿದ ಅಕ್ಷರವಲ್ಲ. 1501ರಲ್ಲಿ ವೆನಿಸ್‌ನ ಆಲ್ಡಸ್ ಮನೂಷಿಯಸ್ ವರ್ಜಿಲ್ ಕವಿಯ ಪುಸ್ತಕವನ್ನು ಇಟಾಲಿಕ್‌ನಲ್ಲಿ ಅಚ್ಚು ಹಾಕಿಸಿದಾಗ, ಫ್ರಾಂಚೆಸ್ಕೊ ಗ್ರಿಫೊ ಆ ಅಚ್ಚುಗಳನ್ನು ಅಂದಿನ ವಿದ್ವಾಂಸರ ಕೈಬರಹ ನೋಡಿ ಕೊರೆದಿದ್ದ. ಇಂಗ್ಲಿಷಿನ ಚಿಕ್ಕ 'ಎ' ಇಟಾಲಿಕ್‌ನಲ್ಲಿ ತಲೆಯ ಮೇಲಿನ ಕೊಕ್ಕೆ ಕಳಚಿಟ್ಟು ಬೇರೆಯೇ ಆಕಾರ ತಾಳುತ್ತೆ. ಅದರ ಹಿಂದೆ ಒಂದು ಕೈ ಇದೆ.

ನಮ್ಮ ಕನ್ನಡಕ್ಕೆ ಆಗೋದೇನು? ನೋಟೊ ಸೆರಿಫ್ ಕನ್ನಡದಲ್ಲಿ ತೆಳುವಿನಿಂದ ಅತಿ ದಪ್ಪದವರೆಗೆ 9 ತೂಕಗಳಿವೆ, ಇಟಾಲಿಕ್ ಇಲ್ಲ. ಬಟನ್ ಒತ್ತಿದರೆ ಸಾಫ್ಟ್‌ವೇರ್ ಅಕ್ಷರವನ್ನು ತಳ್ಳಿ ಓರೆ ಮಾಡುತ್ತೆ, ಅಷ್ಟೇ. ತಲೆಕಟ್ಟು ಬಲಕ್ಕೆ ಜಾರುತ್ತೆ, ಕೆಳಗಿನ ಒತ್ತಕ್ಷರ ಎಡಕ್ಕೆ. ದುಂಡಗಿನ 'ಠ' ಅಮುಕಿದ ಲಾಡು ಆಗುತ್ತೆ.

"ಗಾಂಧಿನಗರದ ಹಳೇ ಸಿನಿಮಾ ಪೋಸ್ಟರ್‌ಗಳಲ್ಲೂ ಅಕ್ಷರ ಓರೆಯಾಗಿತ್ತಲ್ಲಾ?" ಅಂತ ಕೇಳಬಹುದು. ನಿಜ. ಆದರೆ ಅದನ್ನು ಬ್ರಶ್ ಹಿಡಿದ ಕಲಾವಿದ ಒಂದೊಂದೇ ಅಕ್ಷರ ತೂಗಿ ಬರೆದಿದ್ದು. ಒತ್ತು ಎಲ್ಲಿ ಕೂರಬೇಕು ಅಂತ ಅವನಿಗೆ ಗೊತ್ತಿತ್ತು.

ಒತ್ತಿ ಹೇಳೋಕೆ ನಮಗೆ ಇಟಾಲಿಕ್ ಬೇಕೇ ಬೇಕು ಅಂತಲೂ ಇಲ್ಲ. 'ಅವನು' ಅನ್ನೋದನ್ನ 'ಅವನೇ' ಅಂದರೆ ಸಾಕು, ಕೆಲಸ ಮುಗೀತು.

ಇದೇನು ಅಕ್ಷರದ ಚಾಳಿ ಅಂತ ನಗಬೇಡಿ. ಇಲ್ಲಿ ಹುಟ್ಟಿ ಬೆಳೆದ ಎಷ್ಟೋ ಮಕ್ಕಳಿಗೆ ಕನ್ನಡ ಲಿಪಿ ಕಣ್ಣಿಗೆ ಬೀಳೋದೇ ಇಂಥ ಪೋಸ್ಟರ್‌ಗಳಲ್ಲಿ. ಅಲ್ಲೂ ಅದು ಇಂಗ್ಲಿಷಿನ ಕೆಳಗೆ, ಅದರ ಹಾಗೆ ನಟಿಸ್ತಾ ನಿಂತಿದ್ದರೆ, ನಮ್ಮ ಲಿಪಿ ಎರಡನೇ ದರ್ಜೆಯದು ಅಂತ ನಾವೇ ಹೇಳಿಕೊಟ್ಟ ಹಾಗೆ.

ಹಾಗಾಗಿ ಮುಂದಿನ ಪೋಸ್ಟರ್ ಮಾಡುವವರಲ್ಲಿ ಒಂದು ಕೋರಿಕೆ. ಕನ್ನಡ ಶೀರ್ಷಿಕೆ ಮೇಲೆ ಬರಲಿ, ನೆಟ್ಟಗೆ, ದಪ್ಪಗೆ. ಬಲೂ ತಮ್ಮದಂಥ ಫಾಂಟ್ ಪುಕ್ಕಟೆ ಸಿಗುತ್ತೆ. ಒತ್ತಕ್ಷರಕ್ಕೆ ಉಸಿರಾಡೋಕೆ ಸಾಲುಗಳ ನಡುವೆ ಜಾಗ ಬಿಡಿ. ಇಂಗ್ಲಿಷ್ ಪಕ್ಕದಲ್ಲಿ ಬೇಕಾದರೆ ಓರೆಯಾಗಿ ಕುಣೀಲಿ, ನಮ್ಮದೇನೂ ಅಡ್ಡಿಯಿಲ್ಲ. ಓರೆ ಕನ್ನಡ ಬೇಕೇ ಬೇಕು ಅನ್ನೋರು ಬ್ರಶ್ ಹಿಡಿದು ಕೈಯಾರೆ ಬರೀರಿ. ಮುಂದಿನ ಸಂಚಿಕೆಯ ಮುಖಪುಟಕ್ಕೆ ಅದನ್ನೇ ಹಾಕೋಣ!